ಸಂಖ್ಯೆಗಳ ಆಧಾರವನ್ನು ಬದಲಿಸುವ ರೀತಿ

ಶಿಗ್ಗಾಂವಿ ತಾಲೂಕಿನ ಗೊಟಗೋಡಿಯು ಪುಣೆ-ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವದರಿಂದ ನಮ್ಮ ವಾಚಕರಲ್ಲಿ ಅನೇಕರು ಆ ಊರನ್ನು ಹಾದುಹೋಗಿರಬಹುದು. ಕಲಾವಿದರಾದ ಟಿ. ಬಿ. ಸೊಲಬಕ್ಕನವರ ಕಲ್ಪನೆಯಿಂದ ಮೂಡಿದ ಉತ್ಸವ ರಾಕ್ ಗಾರ್ಡನ್ ಅಲ್ಲಿರುವದು. ೨೦೧೧ರಲ್ಲಿ ಸ್ಥಾಪಿತವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಅಲ್ಲಿಯೇ ನೆಲೆಸಿರುವದು. ಉದ್ಯಾನದಲ್ಲಿ ಹಳ್ಳಿಯ ಬಾಳುವೆಯನ್ನು ಆಳೆತ್ತರದ ಪ್ರತಿಮೆಗಳಲ್ಲಿ ರೂಪಿಸಿ ಇಟ್ಟಿದ್ದಾರೆ. ಆದರೆ ಹಳ್ಳಿಯ ಬಾಳುವೆಯಲ್ಲಿ ಪ್ರತಿಮೆ ಮಾಡಿ ತೋರಿಸಲಾಗದ ವಸ್ತುವೊಂದುಂಟು, ಅದು ಲೆಕ್ಕ. ಅದರಲ್ಲಿಯ ಒಂದು ಸಣ್ಣ ಭಾಗವನ್ನು, ಅಂದರೆ ಒಂದೇ ಸಂಖ್ಯೆಯನ್ನು ಬೇರೆ ಬೇರೆ ಆಧಾರಗಳಲ್ಲಿ ಬರೆಯುವ ರೀತಿಯನ್ನು, ನಾವು ಇಲ್ಲಿ ವಿವರಿಸುವೆವು.

ಈಚೆಗೆ ನಮ್ಮ ಹುಡುಗಿಯರು ಗಣಕಯಂತ್ರದ ಭಾಷೆಗಳನ್ನು ಕಲಿಯುತ್ತಿರುವರು. ಅವುಗಳೊಳಗೆ ಪೈಥನ್ ಎಂಬದು ಬಹಳ ಬಳಕೆಯಲ್ಲಿರುವದು. ಹಾಲೆಂಡ್ ದೇಶದ ಗೀಡೊ ವಾನ್ ರೋಸಮ್ ಎಂಬವರು ಅದನ್ನು ೧೯೯೧ರಲ್ಲಿ ಹೊರಪಡಿಸಿದರು. ಈ ಭಾಷೆಯ ಮೊದಲನೆಯ ಪಾಠಗಳಲ್ಲಿಯೇ “ಹತ್ತರ ಆಧಾರದ ಪೂರ್ಣಾಂಕವನ್ನು ಎರಡರ ಆಧಾರಕ್ಕೆ ತಿರುಗಿಸಿರಿ” ಎಂಬ ಪ್ರಶ್ನೆಯು ಬರುವದು. ಹುಡುಗಿಯು ಮನೆಗೆ ಬಂದು ಕೇಳಿದರೆ ತಾಯಿಯು “ನಮ್ಮ ಕಾಲಕ್ಕ ಇದೆಲ್ಲಾ ಇರಲಿಲ್ಲ, ಯವ್ವಾ” ಎಂದು ಕೈಚೆಲ್ಲುವಳು. ಈ ಮಾತು ಹದಿನಾರಾಣೆ ನಿಜವಲ್ಲ. ಹಾಗೆ ನಾವು ಹೇಳುವಾಗ ಬಾಯಿಗೆ ಬಂದ ಆ “ಹದಿನಾರಾಣೆ”ಯೇ ಅದಕ್ಕೆ ಸಾಕ್ಷಿ.

೧೯೫೭ನೆಯ ಇಸವಿಯ ಏಪ್ರಿಲ್ ಒಂದನೆಯ ತಾರೀಖಿಗೆ ನಮ್ಮ ದೇಶದಲ್ಲಿ ದಶಮಾನ ನಾಣ್ಯಗಳು ಬಂದವು. ಅದಕ್ಕೆ ಮೊದಲು ಹನ್ನೆರಡು ಪೈಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ ಎಂಬ ಲೆಕ್ಕ ನಡೆಯುತ್ತಿತ್ತು. ಸಾವಿರ ಪೈಗಳನ್ನು ರೂಪಾಯಿ ಮಾಡಬೇಕಾದರೆ ಅಂದಿನ ಹುಡುಗಿಯು ಪಾಟಿಯ ಮೇಲೆ ಹೀಗೆ ಮಾಡುತ್ತಿದ್ದಳು: ೧೦೦೦ವನ್ನು ೧೨ರಿಂದ ಭಾಗಿಸಿದರೆ ೮೩, ಉಳಿದದ್ದು ೪ ಪೈ, ೮೩ನ್ನು ೧೬ರಿಂದ ಭಾಗಿಸಿದರೆ ೫, ಉಳಿದದ್ದು ೩ ಆಣೆ, ಆದಕಾರಣ ಉತ್ತರವು ರೂ. ೫-೩-೪. ಇಂದು ಅವಳ ಮೊಮ್ಮಗಳು ಗಣಕಯಂತ್ರಕ್ಕೆ ಹೇಳಿಕೊಡುವದು ಇದೇ ಲೆಕ್ಕವನ್ನು. ಭಾಗಿಸು, ಉಳಿದದ್ದನ್ನು ಬರೆದಿಡು, ಬಂದ ಭಾಗಲಬ್ಧವನ್ನು ಮತ್ತೆ ಭಾಗಿಸು. ಇದಕ್ಕಿಂತ ಹೆಚ್ಚಿನ ಗುಟ್ಟು ಇದರಲ್ಲಿ ಇಲ್ಲ. ಆಣೆಯು ಹೋದರೂ ಅದರ ಹೆಸರು ಹೋಗಲಿಲ್ಲವೆಂಬದನ್ನು ಇಲ್ಲಿ ಹೇಳಬಹುದು. ಇಪ್ಪತ್ತೈದು ಪೈಸೆಯ ನಾಣ್ಯವು ೨೦೧೧ರ ಜೂನ್ ತಿಂಗಳ ಕೊನೆಗೆ ಚಲಾವಣೆಯಿಂದ ಹೊರಟುಹೋಗುವ ವರೆಗೂ ಸಂತೆಯಲ್ಲಿ ಅದು “ನಾಲ್ಕಾಣೆ”ಯಾಗಿಯೇ ಇತ್ತು.

ಹಣದಲ್ಲಿ ಸತ್ತ ಆಣೆಯು ನೆಲದಲ್ಲಿ ಇನ್ನೂ ಜೀವದಿಂದಿರುವದು. ಗೊಟಗೋಡಿಯ ಯಾವ ರೈತನಾದರೂ ತನ್ನ ಹೊಲದ ಉತಾರವನ್ನು ತೆಗೆದು ತೋರಿಸಿದರೆ ಕ್ಷೇತ್ರವನ್ನು ಎಕರೆ-ಗುಂಟೆಗಳಲ್ಲಿ ಬರೆದಿರುವದು ಕಾಣುವದು. ನಾಲ್ವತ್ತು ಗುಂಟೆಗೆ ಒಂದು ಎಕರೆ; ಹದಿನಾರು ಆಣೆಗೆ ಒಂದು ಗುಂಟೆ. ಮೂವತ್ತಮೂರು ಫೂಟು ಉದ್ದ, ಅಷ್ಟೇ ಅಗಲವಾದ ನೆಲವೇ ಒಂದು ಗುಂಟೆ. ಆದಕಾರಣ ಎರಡು ಎಕರೆ ಇಪ್ಪತ್ತು ಗುಂಟೆಯೆಂದರೆ ಎರಡೂವರೆ ಎಕರೆ. ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಕ್ಷೇತ್ರವನ್ನು ಚುಕ್ಕೆಯಿಟ್ಟು ೨.೨೦ ಎಂದು ಗಣಕಯಂತ್ರದ ಕೋಷ್ಟಕದಲ್ಲಿ ಬರೆದರೆ ಯಂತ್ರವು ಅದನ್ನು ಎರಡು ಎಕರೆಯೂ ಒಂದು ಎಕರೆಯ ಐದನೆಯ ಒಂದು ಪಾಲೂ ಎಂದು ತಿಳಿದುಕೊಳ್ಳುವದು. ಯಂತ್ರಕ್ಕೆ ಹತ್ತರ ಆಧಾರವೊಂದೇ ಗೊತ್ತಿದೆಯೆಂದಲ್ಲ. ಬೇರೆ ಆಧಾರವಿದೆಯೆಂದು ಅದಕ್ಕೆ ನಾವು ಹೇಳಲಿಲ್ಲ, ಅಷ್ಟೆ.

ಇದರಿಂದ ಆಗುವ ಅನರ್ಥವನ್ನು ಒಂದು ಲೆಕ್ಕದಿಂದ ತೋರಿಸುವೆವು. ಏಳು ಎಕರೆ ಹದಿಮೂರು ಗುಂಟೆಯ ಒಂದು ಹೊಲವಿದೆಯೆಂದೂ, ಇಬ್ಬರು ಗಂಡುಮಕ್ಕಳಿಗೂ ಒಬ್ಬ ಮಗಳಿಗೂ ಸಮನಾಗಿ ಹಂಚಬೇಕಾಗಿದೆಯೆಂದೂ ಎಣಿಸೋಣ. (೨೦೦೫ರ ಕಾಯದೆಯ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ದೊರೆತಿರುವದು. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವ ೧೯೨೫ರ ವಾರಸಾ ಕಾಯದೆಯಲ್ಲಿ ಮಗ ಮಗಳೆಂಬ ಭೇದವಿಲ್ಲ.) ಅವಸರದಲ್ಲಿ ಯಾರಾದರೂ ೭.೧೩ನ್ನು ೩ರಿಂದ ಭಾಗಿಸಿದರೆ ೨.೩೭ ಚಿಲ್ಲರೆ ಬರುವದು. ಅದನ್ನು ಎರಡು ಎಕರೆ ಮೂವತ್ತೇಳು ಗುಂಟೆಯೆಂದು ಓದಿ, ಅಣ್ಣಂದಿರಿಬ್ಬರಿಗೂ ಮೊದಲು ಅಳೆದುಕೊಟ್ಟರೆ ಐದು ಎಕರೆ ಮೂವತ್ತನಾಲ್ಕು ಗುಂಟೆ ಹೋಗುವದು. ತಂಗಿಗೆ ಉಳಿಯುವದು ಒಂದು ಎಕರೆ ಹತ್ತೊಂಬತ್ತು ಗುಂಟೆ ಮಾತ್ರ. ಮೂವರಿಗೂ ಆ ಲೆಕ್ಕದಂತೆಯೇ ಕೊಡಬೇಕೆಂದರೆ ಎಂಟು ಎಕರೆ ಮೂವತ್ತೊಂದು ಗುಂಟೆ ಬೇಕು. ಅಷ್ಟು ನೆಲವೇ ಅಲ್ಲಿಲ್ಲ.

ಸರಿಯಾದ ಲೆಕ್ಕವು ಹೀಗಿರುವದು. ಮೊದಲು ಎಲ್ಲವನ್ನೂ ಕಿರಿದಾದ ಮಾನಕ್ಕೆ ಇಳಿಸಬೇಕು. ಏಳನ್ನು ನಾಲ್ವತ್ತರಿಂದ ಗುಣಿಸಿ ಹದಿಮೂರನ್ನು ಕೂಡಿದರೆ ೨೯೩ ಗುಂಟೆ. ಅದನ್ನು ಹದಿನಾರರಿಂದ ಗುಣಿಸಿದರೆ ೪೬೮೮ ಆಣೆ. ಈಗ ಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ೧೫೬೨ ಆಣೆ, ಉಳಿದದ್ದು ೨ ಆಣೆ. ತಿರುಗಿ ಮೇಲೇರುವಾಗ ೧೫೬೨ನ್ನು ೧೬ರಿಂದ ಭಾಗಿಸಿದರೆ ೯೭, ಶೇಷ ೧೦. ೯೭ನ್ನು ೪೦ರಿಂದ ಭಾಗಿಸಿದರೆ ೨, ಶೇಷ ೧೭. ಆದಕಾರಣ ಪ್ರತಿಯೊಬ್ಬರ ಪಾಲು ಎರಡು ಎಕರೆ ಹದಿನೇಳು ಗುಂಟೆ ಹತ್ತಾಣೆ. ಮೊದಲಿನ ರೀತಿಯಲ್ಲಿ ತಂಗಿಯು ಕಳಕೊಂಡದ್ದು ಮೂವತ್ತೆಂಟು ಗುಂಟೆಗೂ ಹೆಚ್ಚು, ಅಂದರೆ ಹತ್ತಿರ ಹತ್ತಿರ ಒಂದು ಎಕರೆ. ಚುಕ್ಕೆಯ ಅರ್ಥವನ್ನು ಕೇಳಿ ತಿಳಿಯದೆ ಸಹಿ ಮಾಡಿದವಳ ಹೊಲವು ಹೀಗೆ ಕಾಗದದ ಮೇಲೆಯೇ ಕರಗುವದು.

ಇನ್ನು ಮೂಲತತ್ತ್ವಕ್ಕೆ ಬರೋಣ. ಸಂಖ್ಯೆಯು ಬೇರೆ, ಸಂಖ್ಯೆಯನ್ನು ಬರೆಯುವ ರೀತಿಯು ಬೇರೆ. ಬುಟ್ಟಿಯಲ್ಲಿ ಇಪ್ಪತ್ತೈದು ಮಾವಿನಹಣ್ಣುಗಳಿದ್ದರೆ ಅವನ್ನು ಹೇಗೆ ಬರೆದರೂ ಹಣ್ಣು ಹೆಚ್ಚಾಗುವದಿಲ್ಲ, ಕಡಿಮೆಯಾಗುವದಿಲ್ಲ. ನಾವು ೨೫ ಎಂದು ಬರೆದಾಗ ಎರಡು ಹತ್ತುಗಳೂ ಐದು ಬಿಡಿಗಳೂ ಎಂದು ತಿಳಿಯುವೆವು. ಎಡಕ್ಕೆ ಹೋದಂತೆ ಒಂದೊಂದು ಸ್ಥಾನದ ಬೆಲೆಯು ಹತ್ತುಪಟ್ಟು ಏರುವದರಿಂದ ಹತ್ತು ಎಂಬದು ಇಲ್ಲಿ ಆಧಾರ. ಹತ್ತರ ಬದಲು ಎರಡನ್ನು ಆಧಾರ ಮಾಡಿದರೆ ಸ್ಥಾನಗಳ ಬೆಲೆಯು ೧, ೨, ೪, ೮, ೧೬ ಎಂದು ಏರುವದು. ಅಂಕೆಗಳು ಸೊನ್ನೆ ಮತ್ತು ಒಂದು, ಎರಡೇ. ಹಣದಲ್ಲಿ, ನೆಲದಲ್ಲಿ ಆದರೋ ಒಂದೊಂದು ಸ್ಥಾನಕ್ಕೆ ಒಂದೊಂದು ಆಧಾರವಿರುವದು, ಅದು ಮಿಶ್ರಪದ್ಧತಿ. ನಮ್ಮ ಅಜ್ಜಿಯಂದಿರು ಮಿಶ್ರಪದ್ಧತಿಯಲ್ಲಿ ನಿಪುಣರಾಗಿದ್ದದ್ದರಿಂದ ಒಂದೇ ಆಧಾರದ ಪದ್ಧತಿಯು ಅವರಿಗೆ ಸುಲಭದ್ದಾಗುತ್ತಿತ್ತು ಎಂದು ನಮ್ಮ ಅಭಿಪ್ರಾಯ.

ಇಪ್ಪತ್ತೈದನ್ನು ಎರಡರ ಆಧಾರಕ್ಕೆ ತಿರುಗಿಸೋಣ. ೨೫ರ ಅರ್ಧ ೧೨, ಶೇಷ ೧. ೧೨ರ ಅರ್ಧ ೬, ಶೇಷ ೦. ೬ರ ಅರ್ಧ ೩, ಶೇಷ ೦. ೩ರ ಅರ್ಧ ೧, ಶೇಷ ೧. ೧ರ ಅರ್ಧ ೦, ಶೇಷ ೧. ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ೧೧೦೦೧. ಕೆಳಗಿನಿಂದ ಯಾಕೆ ಓದಬೇಕು ಎಂದು ಹುಡುಗಿಯರು ಯಾವಾಗಲೂ ಕೇಳುವರು. ಮೊದಲು ಬಂದ ಶೇಷವು ಬಿಡಿಯ ಸ್ಥಾನದ್ದು, ಬಿಡಿಯ ಸ್ಥಾನವು ಬಲಗಡೆಯ ಕೊನೆಯಲ್ಲಿರತಕ್ಕದ್ದು; ಪೈ ಮೊದಲು ದೊರೆತರೂ ರೂಪಾಯಿಯ ಬಲಕ್ಕೆ ಬರೆದಂತೆ. ಮರಳಿ ಹತ್ತಕ್ಕೆ ಬರಬೇಕಾದರೆ ಎಡಗಡೆಯಿಂದ ಹೊರಟು, ಇದ್ದದ್ದನ್ನು ಎರಡರಿಂದ ಗುಣಿಸಿ ಮುಂದಿನ ಅಂಕೆಯನ್ನು ಕೂಡುತ್ತ ಹೋಗಬೇಕು: ೧, ೩, ೬, ೧೨, ೨೫. ಎಕರೆಯನ್ನು ಆಣೆಗೆ ಇಳಿಸುವಾಗ ಮಾಡಿದ್ದೂ ಇದೇ.

ಗಣಕಯಂತ್ರವು ಎರಡನ್ನೇ ಹಿಡಿದುಕೊಂಡಿರುವದಕ್ಕೆ ಕಾರಣವು ಸರಳವಾಗಿದೆ. ಅದರೊಳಗಿನ ಸೂಕ್ಷ್ಮವಾದ ವಿದ್ಯುತ್ ಗುಂಡಿಗಳು ಹೊತ್ತಿಕೊಂಡಿರುವವು ಇಲ್ಲವೆ ಆರಿರುವವು. ಹತ್ತು ಮೆಟ್ಟಿಲಿನ ಗುಂಡಿಯನ್ನು ತಪ್ಪಿಲ್ಲದೆ ನಡೆಸುವದಕ್ಕಿಂತ ಎರಡು ಮೆಟ್ಟಿಲಿನದನ್ನು ನಡೆಸುವದು ಎಷ್ಟೋ ನಿಶ್ಚಿತ. ಆದರೆ ದ್ವಿಮಾನದಲ್ಲಿ ಬರೆದ ಸಂಖ್ಯೆಯು ಮನುಷ್ಯರ ಕಣ್ಣಿಗೆ ಬಹಳ ಉದ್ದ. ಆದಕಾರಣ ಮೂರು ಮೂರು ಅಂಕೆಗಳನ್ನು ಕೂಡಿಸಿ ಎಂಟರ ಆಧಾರದಲ್ಲಿ, ಇಲ್ಲವೆ ನಾಲ್ಕು ನಾಲ್ಕನ್ನು ಕೂಡಿಸಿ ಹದಿನಾರರ ಆಧಾರದಲ್ಲಿ ಬರೆಯುವರು. ಹದಿನಾರರಲ್ಲಿ ಒಂಬತ್ತರ ಮುಂದಿನ ಆರು ಅಂಕೆಗಳಿಗೆ ಇಂಗ್ಲಿಷಿನ ಎ ಇಂದ ಎಫ್ ವರೆಗಿನ ಅಕ್ಷರಗಳನ್ನು ಇಟ್ಟಿರುವರು.

ಪೈಥನ್ ಭಾಷೆಯಲ್ಲಿ ಇದಕ್ಕೆ ಒದಗಿಸಿದ ಉಪಕರಣಗಳನ್ನು ಈಗ ನೋಡೋಣ. ಇಂಟ್ ಎಂಬದೊಂದು. ಅದಕ್ಕೆ ಬರೆದ ಅಂಕೆಗಳ ಸಾಲನ್ನೂ ಆಧಾರವನ್ನೂ ಕೊಟ್ಟರೆ ಸಂಖ್ಯೆಯನ್ನು ಹೇಳುವದು: ೧೧೦೦೧ ಎಂಬ ಸಾಲನ್ನು, ೨ ಎಂಬ ಆಧಾರವನ್ನು ಕೊಟ್ಟರೆ ಇಪ್ಪತ್ತೈದು. ಅಂಕೆಗಳ ಸಾಲನ್ನು ಉದ್ಧರಣ ಚಿಹ್ನೆಗಳ ನಡುವೆ ಇಡತಕ್ಕದ್ದು. ಯಾಕಂದರೆ ಅದು ಇನ್ನೂ ಬರಿಯ ಬರಹ, ಸಂಖ್ಯೆಯಾಗಿಲ್ಲ. ಇಲ್ಲಿ ನಮ್ಮವರಿಗೆ ಸಂತೋಷವಾಗುವ ಸಂಗತಿಯೊಂದುಂಟು. ಆ ಸಾಲನ್ನು ಕನ್ನಡದ ಅಂಕೆಗಳಲ್ಲಿಯೇ ಬರೆದುಕೊಟ್ಟರೂ ಪೈಥನ್ ಓದಿಕೊಳ್ಳುವದು. ಕನ್ನಡದ ಸೊನ್ನೆಯಿಂದ ಒಂಬತ್ತರ ವರೆಗಿನ ಗುರುತುಗಳು ಯುನಿಕೋಡ್ ಎಂಬ ಲೋಕಮಾನ್ಯ ಪಟ್ಟಿಯಲ್ಲಿ ದಶಮಾನ ಅಂಕೆಗಳೆಂದು ದಾಖಲಾಗಿರುವದೇ ಅದಕ್ಕೆ ಕಾರಣ. ಉತ್ತರವನ್ನು ಮಾತ್ರ ಅದು ಇಂಗ್ಲಿಷ್ ಅಂಕೆಗಳಲ್ಲಿಯೇ ಕೊಡುವದು.

ಇಂಟ್ ಎರಡರಿಂದ ಮೂವತ್ತಾರರ ವರೆಗಿನ ಯಾವ ಆಧಾರವನ್ನಾದರೂ ಒಪ್ಪುವದು; ಹತ್ತು ಅಂಕೆ, ಇಪ್ಪತ್ತಾರು ಇಂಗ್ಲಿಷ್ ಅಕ್ಷರ, ಕೂಡಿ ಮೂವತ್ತಾರು. ಮರಳುವ ದಾರಿಗಳು ಅಷ್ಟಿಲ್ಲ. ಬಿನ್ ಎಂಬದು ಎರಡಕ್ಕೆ, ಆಕ್ಟ್ ಎಂಬದು ಎಂಟಕ್ಕೆ, ಹೆಕ್ಸ್ ಎಂಬದು ಹದಿನಾರಕ್ಕೆ ತಿರುಗಿಸುವವು. ಐದಕ್ಕೋ ಹನ್ನೆರಡಕ್ಕೋ ಇಪ್ಪತ್ತಕ್ಕೋ ತಿರುಗಿಸಬೇಕಾದರೆ ಸಿದ್ಧವಾದ ಉಪಕರಣವಿಲ್ಲ. ಹುಡುಗಿಯು ತಾನೇ ಒಂದನ್ನು ಹೆಣೆಯಬೇಕು. ನಮ್ಮ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಸಿದ್ಧವಸ್ತು ಇದ್ದಿದ್ದರೆ ಒಳಗಿನ ಕೆಲಸವನ್ನು ಯಾರೂ ನೋಡುತ್ತಿರಲಿಲ್ಲ.

ಹೆಣೆಯುವ ರೀತಿಯನ್ನು ಹೇಳುವೆವು. ಪೈಥನ್ನಿನ ಆಜ್ಞಾಪದಗಳು ಇಂಗ್ಲಿಷಿನವು. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ಆದಕಾರಣ “ಸಂಖ್ಯೆ”, “ಆಧಾರ”, “ಅಂಕೆಗಳು”, “ಉತ್ತರ” ಎಂದು ನಾಲ್ಕು ಹೆಸರುಗಳನ್ನು ಇಟ್ಟುಕೊಳ್ಳೋಣ. “ಅಂಕೆಗಳು” ಎಂಬದರಲ್ಲಿ ೦ಯಿಂದ ೯ರ ವರೆಗೆ ಕನ್ನಡದ ಅಂಕೆಗಳನ್ನೂ, ಅವುಗಳ ಬೆನ್ನಿಗೆ ಅ ಆ ಇ ಈ ಉ ಊ ಎಂಬ ಆರು ಸ್ವರಗಳನ್ನೂ ಎಡೆಬಿಡದೆ ಬರೆದಿಡೋಣ. ಹೀಗೆ ಹತ್ತಕ್ಕೆ ಅ, ಹನ್ನೊಂದಕ್ಕೆ ಆ, ಹದಿನೈದಕ್ಕೆ ಊ ಆಗುವವು. “ಉತ್ತರ”ವನ್ನು ಬರಿದಾಗಿ ಇಡಬೇಕು. ಸಂಖ್ಯೆಯು ಸೊನ್ನೆಗಿಂತ ದೊಡ್ಡದಾಗಿರುವ ವರೆಗೆ ಈ ಕೆಲಸವನ್ನು ಮತ್ತೆ ಮತ್ತೆ ಮಾಡಬೇಕು: ಸಂಖ್ಯೆಯನ್ನು ಆಧಾರದಿಂದ ಭಾಗಿಸಿ, ಭಾಗಲಬ್ಧವನ್ನು ಹೊಸ ಸಂಖ್ಯೆಯನ್ನಾಗಿ ಮಾಡುವದು, ಶೇಷವು ಎಷ್ಟೋ ಅಷ್ಟನೆಯ ಗುರುತನ್ನು “ಅಂಕೆಗಳು” ಪಟ್ಟಿಯಿಂದ ಆರಿಸಿ (ಪಟ್ಟಿಯನ್ನು ಸೊನ್ನೆಯಿಂದ ಎಣಿಸತಕ್ಕದ್ದು) ಉತ್ತರದ ಎಡಗಡೆಗೆ ಅಂಟಿಸುವದು. ಭಾಗಲಬ್ಧವನ್ನೂ ಶೇಷವನ್ನೂ ಒಂದೇ ಸಾರಿಗೆ ಕೊಡುವ ಡಿವ್‌ಮಾಡ್ ಎಂಬ ಉಪಕರಣವು ಭಾಷೆಯಲ್ಲಿಯೇ ಇರುವದು.

೩೨೨೧ ಎಂಬ ಸಂಖ್ಯೆಯನ್ನು ಹದಿನಾರರ ಆಧಾರಕ್ಕೆ ಈ ರೀತಿಯಿಂದ ತಿರುಗಿಸಿದರೆ ೨೦೧, ಶೇಷ ೫. ೧೨, ಶೇಷ ೯. ೦, ಶೇಷ ೧೨. ನಮ್ಮ ಪಟ್ಟಿಯಂತೆ ಉತ್ತರವು “ಇ೯೫”. ಪೇಟೆಯ ರೂಢಿಯಲ್ಲಿ ಹನ್ನೆರಡಕ್ಕೆ ಸಿ ಎಂಬ ಇಂಗ್ಲಿಷ್ ಅಕ್ಷರವಿರುವದರಿಂದ ಅವರು ಸಿ, ೯, ೫ ಎಂದು ಬರೆಯುವರು. ಸಂಖ್ಯೆಯು ಒಂದೇ.

ಎರಡು ಎಡೆಗಳಲ್ಲಿ ಎಚ್ಚರ ಬೇಕು. ಕೊಟ್ಟ ಸಂಖ್ಯೆಯೇ ಸೊನ್ನೆಯಾದರೆ ಮೇಲಿನ ಸುತ್ತು ಒಂದು ಸಾರಿಯೂ ನಡೆಯದೆ ಉತ್ತರವು ಬರಿದಾಗಿಯೇ ಉಳಿಯುವದು. ಆದಕಾರಣ ಸೊನ್ನೆಗೆ ಬೇರೆ ಮಾತಿನಿಂದ “೦” ಎಂದೇ ಉತ್ತರ ಕೊಡಿಸಬೇಕು. ಋಣಸಂಖ್ಯೆಯ ತೊಡಕು ಇನ್ನೂ ವಿಚಿತ್ರವಾದದ್ದು. ಪೈಥನ್ನಿನಲ್ಲಿ ಋಣ ಒಂದನ್ನು ಎರಡರಿಂದ ಭಾಗಿಸಿದರೆ ಭಾಗಲಬ್ಧವು ಮತ್ತೆ ಋಣ ಒಂದೇ, ಶೇಷ ಒಂದು. ಅದು ಯಾವಾಗಲೂ ಕೆಳಗಿನ ಪೂರ್ಣಾಂಕಕ್ಕೆ ಇಳಿಯುವದು. “ಸೊನ್ನೆಯಾಗುವ ವರೆಗೆ” ಎಂದು ಸುತ್ತನ್ನು ಬರೆದವಳ ಯಂತ್ರವು ಗಾಣದ ಎತ್ತಿನಂತೆ ತಿರುಗುತ್ತಲೇ ಇರುವದು. ಸಿ ಎಂಬ ಭಾಷೆಯಲ್ಲಿ ಅದೇ ಭಾಗಾಕಾರಕ್ಕೆ ಸೊನ್ನೆ ಬರುವದು. ಚಿಹ್ನೆಯನ್ನು ಮೊದಲೇ ಬೇರೆ ತೆಗೆದಿಟ್ಟು, ಲೆಕ್ಕವು ಮುಗಿದ ಮೇಲೆ ಮುಂದೆ ಅಂಟಿಸುವದು ನಿರ್ಭಯವಾದ ದಾರಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಈ ಲೆಕ್ಕದ ಇನ್ನೊಂದು ಮುಖವು ಕನ್ನಡದ ತರಗತಿಯಲ್ಲಿಯೇ ಪರಿಚಯವಾಗಿದೆ. ಗೊಟಗೋಡಿಯ ತಾಲೂಕಿನಲ್ಲಿಯೇ ಇರುವ ಬಾಡದ ಕನಕದಾಸರ ನಳಚರಿತ್ರೆಯಂಥ ಕಾವ್ಯವನ್ನು ಓದುವಾಗ ಪದ್ಯಕ್ಕೆ ಪ್ರಸ್ತಾರ ಹಾಕಿ, ಲಘು ಗುರುಗಳನ್ನು ಗುರುತಿಸಿ ಗಣ ವಿಂಗಡಿಸಿದ್ದು ಅವರಿಗೆ ನೆನಪಿರಬಹುದು. ಅದು ಮಾತ್ರಾಗಣದ ಷಟ್ಪದಿ. ನಮಗೆ ಈಗ ಬೇಕಾದದ್ದು ಅಕ್ಷರಗಣ. ಅಂದರೆ ಮೂರು ಮೂರು ಅಕ್ಷರಗಳ ಗಣ. ಹಳೆಯ ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರವೆಂದರೆ ಇಷ್ಟು ಅಕ್ಷರಗಳಲ್ಲಿ ಲಘು ಗುರುಗಳು ಎಷ್ಟು ಬಗೆಯಾಗಿ ಬರಬಹುದೋ ಅಷ್ಟನ್ನೂ ಒಂದೂ ಬಿಡದೆ ಕ್ರಮವಾಗಿ ಬರೆಯುವದು. ಗುರುವಿಗೆ ಗ, ಲಘುವಿಗೆ ಲ ಎಂದಿಟ್ಟರೆ ಮೂರು ಅಕ್ಷರಗಳ ಪ್ರಸ್ತಾರವು ಹೀಗೆ ಎಂಟು ಸಾಲುಗಳಾಗುವದು: ಮ ಗಣ ಗಗಗ, ಯ ಗಣ ಲಗಗ, ರ ಗಣ ಗಲಗ, ಸ ಗಣ ಲಲಗ, ತ ಗಣ ಗಗಲ, ಜ ಗಣ ಲಗಲ, ಭ ಗಣ ಗಲಲ, ನ ಗಣ ಲಲಲ. ಗುರುವಿನ ಎಡೆಗೆ ಸೊನ್ನೆಯನ್ನೂ ಲಘುವಿನ ಎಡೆಗೆ ಒಂದನ್ನೂ ಇಟ್ಟು, ಎಡದಿಂದ ೧, ೨, ೪ ಎಂದು ಬೆಲೆ ಕಟ್ಟಿ ನೋಡಿರಿ. ಮ ಸೊನ್ನೆ, ಯ ಒಂದು, ರ ಎರಡು, ಸ ಮೂರು, ಕೊನೆಗೆ ನ ಏಳು. ಎಂಟು ಗಣಗಳು ಎಂಟರ ಆಧಾರದ ಎಂಟು ಅಂಕೆಗಳೇ ಆಗಿರುವವು. ಒಂದೇ ವ್ಯತ್ಯಾಸವೆಂದರೆ ಛಂದಸ್ಸಿನವರು ಬಿಡಿಯ ಸ್ಥಾನವನ್ನು ಎಡಗಡೆಗೆ ಇಡುವರು, ಯಂತ್ರದವರು ಬಲಗಡೆಗೆ.

ಇಷ್ಟನೆಯ ಸಾಲು ಯಾವದು ಎಂದು ಕೇಳಿದರೆ ಕಂಡುಹಿಡಿಯುವದಕ್ಕೆ ನಷ್ಟವೆಂದೂ, ಈ ಸಾಲು ಎಷ್ಟನೆಯದು ಎಂದು ಕಂಡುಹಿಡಿಯುವದಕ್ಕೆ ಉದ್ದಿಷ್ಟವೆಂದೂ ಹೆಸರು. ಮೊದಲನೆಯದು ಸಂಖ್ಯೆಯಿಂದ ದ್ವಿಮಾನಕ್ಕೆ ಹೋಗುವದು. ಎರಡನೆಯದು ದ್ವಿಮಾನದಿಂದ ಸಂಖ್ಯೆಗೆ ಮರಳುವದು. ನಷ್ಟದ ರೀತಿಯಿದು: ಸಂಖ್ಯೆಯು ಸಮವಾಗಿದ್ದರೆ ಲಘು ಬರೆದು ಅರ್ಧ ಮಾಡು, ಬೆಸವಾಗಿದ್ದರೆ ಗುರು ಬರೆದು, ಒಂದನ್ನು ಕೂಡಿ ಅರ್ಧ ಮಾಡು. ಮೂರು ಅಕ್ಷರಗಳ ಆರನೆಯ ಸಾಲು ಬೇಕಾದರೆ ೬ ಸಮ, ಲಘು. ೩ ಬ ೆಸ, ಗುರು. ೩ಕ್ಕೆ ಒಂದು ಕೂಡಿ ಅರ್ಧ ೨, ಸಮ, ಲಘು. ಲಗಲ, ಜ ಗಣ. ಇದು ಪಿಂಗಳನ ಛಂದಃಸೂತ್ರದಿಂದ ಬಂದ ವಿದ್ಯೆ. ಕನ್ನಡದಲ್ಲಿ ಸುಮಾರು ಕ್ರಿ. ಶ. ೯೯೦ರ ಹೊತ್ತಿಗೆ ಬಾಳಿದ ಒಂದನೆಯ ನಾಗವರ್ಮನು ಛಂದೋಂಬುಧಿಯಲ್ಲಿ ಪ್ರಸ್ತಾರವೇ ಮೊದಲಾದ ಷಟ್ಪ್ರತ್ಯಯಗಳನ್ನು ಹೇಳಿರುವನು. ಆ ಗ್ರಂಥವನ್ನು ಶೋಧಿಸಿ ೧೮೭೫ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಅಚ್ಚು ಹಾಕಿಸಿದವರು ಕನ್ನಡ ನಿಘಂಟುವಿನ ಕಿಟ್ಟೆಲ್ ಸಾಹೇಬರು.

ಒಂದು ದೊಡ್ಡ ಉದಾಹರಣೆಯನ್ನು ತೆಗೆದುಕೊಳ್ಳೋಣ. ಶಾರ್ದೂಲವಿಕ್ರೀಡಿತ ವೃತ್ತಕ್ಕೆ ಪಾದಕ್ಕೆ ಹತ್ತೊಂಬತ್ತು ಅಕ್ಷರ. ಗಣಗಳು ಮ, ಸ, ಜ, ಸ, ತ, ತ, ಕೊನೆಗೊಂದು ಗುರು. ಹತ್ತೊಂಬತ್ತು ಅಕ್ಷರಗಳ ಪ್ರಸ್ತಾರದಲ್ಲಿ ೫,೨೪,೨೮೮ ಸಾಲುಗಳಿರುವವು. ಅವುಗಳಲ್ಲಿ ಇದು ಎಷ್ಟನೆಯದು? ಒಂದೊಂದಾಗಿ ಬರೆಯುತ್ತ ಕುಳಿತರೆ ಆಯುಷ್ಯ ಸಾಲದು. ಗಣಗಳನ್ನು ಅಂಕೆ ಮಾಡಿದರೆ ೦, ೩, ೫, ೩, ೪, ೪, ೦. ಬಿಡಿಯ ಸ್ಥಾನವನ್ನು ಬಲಕ್ಕೆ ತರಲು ಹಿಂದುಮುಂದಾಗಿ ಬರೆದರೆ ೦೪೪೩೫೩೦. ಈ ಸಾಲನ್ನು ಇಂಟ್ ಎಂಬ ಉಪಕರಣಕ್ಕೆ ಎಂಟು ಎಂಬ ಆಧಾರದೊಡನೆ ಕೊಡಿರಿ. ೧,೪೯,೩೩೬ ಎಂದು ಹೇಳುವದು. ಯಂತ್ರವು ಎಣಿಕೆಯನ್ನು ಸೊನ್ನೆಯಿಂದ ತೊಡಗುವದು, ಛಂದಸ್ಸಿನವರು ಒಂದರಿಂದ ತೊಡಗುವರು. ಆದಕಾರಣ ಒಂದನ್ನು ಕೂಡಿಸಿದರೆ ೧,೪೯,೩೩೭. ಹಳೆಯ ಛಂದೋಗ್ರಂಥಗಳಲ್ಲಿ ಈ ವೃತ್ತಕ್ಕೆ ಕೊಟ್ಟ ಸಂಖ್ಯೆಯೂ ಇದೇ.

ಇದರ ಮೇಲಿಂದ ನಮ್ಮ ಹಿಂದಿನವರು ಗಣಕಯಂತ್ರವನ್ನೇ ಬಲ್ಲವರಾಗಿದ್ದರೆಂದು ಹೇಳುವದು ಅತಿಯಾದ ಮಾತು. ಅವರು ಸಾಲುಗಳಿಗೆ ಕ್ರಮವನ್ನು ಕಟ್ಟಿದರು. ಆ ಗುರುತುಗಳಿಂದ ಕೂಡಿಸುವ, ಗುಣಿಸುವ ಗಣಿತವನ್ನು ಜರ್ಮನಿಯ ಲೈಬ್ನಿಟ್ಸ್ ೧೭೦೩ರಲ್ಲಿ ಪ್ರಕಟಿಸಿದನು. ಆದರೂ ಗಣ ವಿಂಗಡಿಸಬಲ್ಲ ಹುಡುಗಿಗೆ ಅಷ್ಟಮಾನವು ಹೊಸದಲ್ಲವೆಂಬದಂತೂ ನಿಶ್ಚಯ.

ಅಕ್ಷರಗಳ ಮಾತು ಬಂದದ್ದರಿಂದ ಮೇಲೆ ಹೇಳಿದ ೩೨೨೧ನ್ನು ಯಾಕೆ ಆರಿಸಿಕೊಂಡೆವೆಂಬದನ್ನೂ ಹೇಳಬೇಕು. ಯಂತ್ರಕ್ಕೆ ಅಕ್ಷರಗಳು ತಿಳಿಯವು, ಸಂಖ್ಯೆಗಳು ಮಾತ್ರ ತಿಳಿಯುವವು. ೧೯೯೧ರಲ್ಲಿ ಹೊರಟ ಯುನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ೩೨೦೦ರಿಂದ ೩೩೨೭ರ ವರೆಗಿನ ೧೨೮ ಮನೆಗಳು ನಮ್ಮ ಲಿಪಿಯವು. ಅವುಗಳಲ್ಲಿ ಕ ಎಂಬದರ ಮನೆಯ ಸಂಖ್ಯೆಯೇ ೩೨೨೧. ಗೊಟಗೋಡಿ ಎಂದು ಬರೆದಾಗ ಯಂತ್ರವು ಇಟ್ಟುಕೊಳ್ಳುವದು ೩೨೨೩, ೩೨೭೪, ೩೨೩೧, ೩೨೨೩, ೩೨೭೫, ೩೨೩೩, ೩೨೬೩ ಎಂಬ ಏಳು ಸಂಖ್ಯೆಗಳನ್ನು. ಗ, ಒಕಾರದ ಚಿಹ್ನೆ, ಟ, ಮತ್ತೆ ಗ, ಓಕಾರದ ಚಿಹ್ನೆ, ಡ, ಇಕಾರದ ಚಿಹ್ನೆ. ಊರಿನ ಹೆಸರಿನಲ್ಲಿ ಎರಡು ಸಾರಿ ಬರುವ ಗಕಾರವು ಎರಡು ಸಾರಿಯೂ ೩೨೨೩ ಆಗಿರುವದನ್ನು ಕಾಣಬಹುದು. ಹತ್ತರ ಆಧಾರದಲ್ಲಿ ಈ ಅಂಕೆಗಳಿಗೆ ಅಂದಚೆಂದವಿಲ್ಲ. ಹದಿನಾರರಲ್ಲಿ ಬರೆದರೆ ಕನ್ನಡದ ಮನೆಗಳೆಲ್ಲ ಸಿ ಎಂಬ ಅಂಕೆಯಿಂದಲೇ ತೊಡಗಿ, ಅದರ ಮುಂದಿನ ಅಂಕೆಯು ಎಂಟು ಇಲ್ಲವೆ ಅದಕ್ಕಿಂತ ದೊಡ್ಡದಾಗಿರುವದರಿಂದ ನೋಡಿದ ಕೂಡಲೆ ಕನ್ನಡವೆಂದು ತಿಳಿಯುವದು. ಪಂಡಿತರು ಹದಿನಾರನ್ನು ಮೆಚ್ಚುವದು ಇಂಥ ಅನುಕೂಲಕ್ಕಾಗಿ.

ಮೊದಲಲ್ಲಿ ಬರುವ ಸೊನ್ನೆಯ ವಿಷಯ ಒಂದು ಮಾತು. ಸಿ ಭಾಷೆಯಲ್ಲಿ ೦೧೦ ಎಂದು ಬರೆದರೆ ಎಂಟು ಎಂದು ಅರ್ಥ. ಸೊನ್ನೆಯು ಮುಂದಿದ್ದರೆ ಎಂಟರ ಆಧಾರವೆಂಬದು ಅಲ್ಲಿಯ ಕಟ್ಟಳೆ. ಪೈಥನ್ನಿನ ಎರಡನೆಯ ಆವೃತ್ತಿಯಲ್ಲಿಯೂ ಹಾಗೆಯೇ ಇತ್ತು. ೨೦೦೮ರಲ್ಲಿ ಬಂದ ಮೂರನೆಯ ಆವೃತ್ತಿಯು ಹಾಗೆ ಬರೆಯುವದನ್ನೇ ನಿಷೇಧಿಸಿತು. ಹಾಜರಿ ಪಟ್ಟಿಯ ೦೧೦ನೆಯ ಹುಡುಗಿಯು ಎಂಟನೆಯವಳಾಗಿ ಹೋಗಬಾರದೆಂದರೆ ಹಾಜರಿ ಸಂಖ್ಯೆ, ದೂರವಾಣಿ ಸಂಖ್ಯೆ ಮೊದಲಾದವುಗಳನ್ನು ಬರಹವಾಗಿಯೇ ಇಡುವದು ಲೇಸು. ಅವುಗಳನ್ನು ಯಾರೂ ಕೂಡಿಸುವದಿಲ್ಲ, ಭಾಗಿಸುವದಿಲ್ಲ.

ಹೊಲದ ಲೆಕ್ಕಕ್ಕೆ ಬೇಕಾದ ಮಿಶ್ರಪದ್ಧತಿಗೆ ಮೇಲಿನ ಹೆಣಿಗೆಯಲ್ಲಿ ಒಂದೇ ಬದಲಾವಣೆ ಸಾಕು. “ಆಧಾರ” ಎಂಬ ಒಂದೇ ಸಂಖ್ಯೆಯ ಬದಲು ೧೬, ೪೦ ಎಂಬ ಪಟ್ಟಿಯನ್ನು ಕೊಟ್ಟು, ಸುತ್ತಿಗೊಂದರಂತೆ ಅವುಗಳಿಂದ ಭಾಗಿಸಿಸಬೇಕು. ಕೊನೆಗೆ ಉಳಿದ ಭಾಗಲಬ್ಧವು ಎಕರೆ. ೧೨, ೧೬ ಎಂಬ ಪಟ್ಟಿಯನ್ನು ಕೊಟ್ಟರೆ ಅದೇ ಹೆಣಿಗೆಯು ಅಜ್ಜಿಯ ಕಾಲದ ರೂಪಾಯಿ ಆಣೆ ಪೈ ಹೇಳುವದು. ಉತ್ತರಗಳನ್ನು ಚುಕ್ಕೆಯಿಂದ ಬೇರ್ಪಡಿಸದೆ ಅಡ್ಡಗೆರೆಯಿಂದ ಬೇರ್ಪಡಿಸತಕ್ಕದ್ದು.

ಮನೆಯಲ್ಲಿ ತಾಯಿ ಮಗಳು ಕೂಡಿ ಮಾಡಿ ನೋಡುವದಕ್ಕೆ ಮೂರು ಲೆಕ್ಕಗಳನ್ನು ಕೊಡುವೆವು. ಐದು ಸಾವಿರ ಪೈಗಳಿಗೆ ಎಷ್ಟು ರೂಪಾಯಿ? (ರೂ. ೨೬-೦-೮, ನಡುವಿನ ಸೊನ್ನೆಯನ್ನು ಬಿಟ್ಟರೆ ಎಂಟು ಪೈಯು ಎಂಟಾಣೆಯಾಗುವದು.) ವಸಂತತಿಲಕ ವೃತ್ತಕ್ಕೆ ಹದಿನಾಲ್ಕು ಅಕ್ಷರ, ಗಣಗಳು ತ, ಭ, ಜ, ಜ, ಎರಡು ಗುರು, ಪ್ರಸ್ತಾರದ ೧೬,೩೮೪ ಸಾಲುಗಳಲ್ಲಿ ಅದು ಎಷ್ಟನೆಯದು? (೨೯೩೩ನೆಯದು.) ಮೂರನೆಯದಕ್ಕೆ ಉತ್ತರವನ್ನು ನಾವು ಕೊಡಲಾರೆವು: ನಿಮ್ಮ ಮನೆಯ ಉತಾರವನ್ನು ತೆಗೆದು, ಅದರಲ್ಲಿಯ ಕ್ಷೇತ್ರವನ್ನು ಆಣೆಗಳಿಗೆ ಇಳಿಸಿ, ಮನೆಯ ಮಕ್ಕಳ ಸಂಖ್ಯೆಯಿಂದ ಭಾಗಿಸಿರಿ.